ನೂರೊಂದು ಬೊಗಸೆ

ಹೊಟ್ಟೆಪಾಡಿಗಾಗಿ ಕಂಪ್ಯೂಟರಿನ ಕೆಲಸ ಮಾಡುವವನು ನಾನು. ಈ ಮಾತು ಕಿವಿಗೆ ಬಿದ್ದೊಡನೆ ವಾಚಕರು ಪುಟವನ್ನು ತಿರುವಿ ಧಾರಾವಾಹಿಯ ಕಡೆಗೆ ಹೊರಟುಬಿಡುವರೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿಯೂ ಹಾಗೆಯೇ. ನಾನು ಉದ್ಯೋಗದ ವಿಷಯವನ್ನು ತೆಗೆದೆನೆಂದರೆ ಮನೆಯಾಕೆಗೆ ಒಲೆಯ ಮೇಲಿಟ್ಟ ಹಾಲಿನ ನೆನಪಾಗುತ್ತದೆ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಯಂತ್ರದ ಕಥೆಯಲ್ಲ, ಒಂದು ಪಟ್ಟಿಯ ಕಥೆ. ಪಟ್ಟಿ ಯಾರಿಗೆ ತಾನೆ ಹೊಸದು? ಮದುವೆಯ ಮನೆಯ ಸಾಮಾನಿನ ಪಟ್ಟಿ, ಮತದಾರರ ಪಟ್ಟಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರ ಪಟ್ಟಿ—ನಮ್ಮ ಜೀವಮಾನದ ಅರ್ಧ ಪಟ್ಟಿ ಬರೆಯುವುದರಲ್ಲಿಯೂ, ಉಳಿದರ್ಧ ಅದರಲ್ಲಿ ನಮ್ಮ ಹೆಸರನ್ನು ಹುಡುಕುವುದರಲ್ಲಿಯೂ ಕಳೆಯುತ್ತದೆ. ಅಂಥ ಒಂದು ಪಟ್ಟಿಯನ್ನು ಓದಲಾರದೆ ಒಂದು ರಾತ್ರಿ ನಾನು ಪಟ್ಟ ಪಾಡನ್ನು ನಿಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ನಮ್ಮ ತಂದೆಯವರು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ನಾಲ್ವತ್ತು ವರ್ಷ ಶಾಖಾ ಅಂಚೆಯ ಮಾಸ್ತರರಾಗಿದ್ದರು. ಅಂಚೆಯ ಕಚೇರಿಯೆಂದರೆ ನಮ್ಮ ಮನೆಯ ಜಗಲಿಯೇ. ಮಧ್ಯಾಹ್ನದ ಬಸ್ಸಿಗೆ ಟಪಾಲಿನ ಚೀಲ ಬರುತ್ತಿತ್ತು. ಅರಗಿನ ಮುದ್ರೆಯನ್ನು ಒಡೆದು ಚೀಲವನ್ನು ಮೇಜಿನ ಮೇಲೆ ಸುರಿದು, ಅವರು ಒಂದು ಬೊಗಸೆಯಷ್ಟು ಕಾಗದಗಳನ್ನು ಎತ್ತಿಕೊಳ್ಳುತ್ತಿದ್ದರು. ಅದು ಮುಗಿದ ಮೇಲೆ ಇನ್ನೊಂದು ಬೊಗಸೆ. ರಾಶಿಯನ್ನೆಲ್ಲ ಮೊದಲು ಕ್ರಮವಾಗಿ ಜೋಡಿಸಿ ಅನಂತರ ಹಂಚಿದರೆ ಚೆನ್ನಲ್ಲವೆ ಎಂದು ಹುಡುಗನಾಗಿದ್ದ ನಾನು ಒಮ್ಮೆ ಕೇಳಿದೆ. ‘ಜೋಡಿಸಿ ಮುಗಿಯುವುದರೊಳಗೆ ಕಾಗದಕ್ಕೆ ಕಾದು ನಿಂತವರು ಮನೆಗೆ ಹೋಗಿರುತ್ತಾರೆ’ ಎಂದರು. ೧೯೭೨ರ ಆಗಸ್ಟ್ ೧೫ರಂದು ದೇಶಕ್ಕೆಲ್ಲ ಆರು ಅಂಕಿಗಳ ಪಿನ್ ಕೋಡು ಬಂದಾಗ ಅವರು ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಊರವರಿಗೆಲ್ಲ ಆ ಆರು ಅಂಕಿಗಳನ್ನು ಬಾಯಿಪಾಠ ಮಾಡಿಸಿದವರೂ ಅವರೇ.

೨೦೨೨ರ ಜೂನ್ ತಿಂಗಳಲ್ಲಿ ಅವರು ಅಂಗಳದಲ್ಲಿ ಜಾರಿ ಬಿದ್ದರು. ತಾಯಿಯವರು ತೀರಿಕೊಂಡು ಬಹಳ ವರ್ಷಗಳಾಗಿದ್ದುವು. ನಾನಿರುವುದು ಪುಣೆಯಲ್ಲಿ. ತಂಗಿ ಶಿವಮೊಗ್ಗೆಯಿಂದ ವಾರಕ್ಕೊಮ್ಮೆ ಬಂದುಹೋಗುತ್ತಿದ್ದಳು. ‘ನನ್ನ ಜೊತೆಗೆ ಬನ್ನಿ’ ಎಂದರೆ ತಂದೆಯವರು ಒಪ್ಪುವವರಲ್ಲ. ಕಡೆಗೆ ನಾನು ನನ್ನದೊಂದು ಹಳೆಯ ಕಂಪ್ಯೂಟರನ್ನು ಜಗಲಿಯ ಆ ಮೇಜಿನ ಮೇಲೆಯೇ ಇಟ್ಟು, ಅದಕ್ಕೊಂದು ಸಣ್ಣ ಕ್ಯಾಮರಾವನ್ನು ತಗುಲಿಸಿದೆ. ಹತ್ತು ಸೆಕೆಂಡಿಗೊಂದು ಚಿತ್ರ ತೆಗೆದು ಅದು ತನ್ನಲ್ಲಿ ಇಟ್ಟುಕೊಳ್ಳಬೇಕು. ಹೊಸ ಚಿತ್ರದ ಒಂದು ನಕಲು ಪುಣೆಗೆ, ನನ್ನ ಕೈಗೆ ಬರಬೇಕು. ತಂದೆಯವರಿಗೆ ಬೇಸರ ಕಳೆಯಲೆಂದು ಇನ್ನೊಂದು ಏರ್ಪಾಡನ್ನೂ ಮಾಡಿದೆ. ಗುಂಡಿಯೊಂದನ್ನು ಒತ್ತಿದರೆ ಯಂತ್ರ ಹೆಸರು ಕೇಳುತ್ತದೆ. ಹೆಸರು ಕೊಟ್ಟು ಮಾತನಾಡಿದರೆ ಮಾತನ್ನು ಆ ಹೆಸರಿನಲ್ಲಿ ಹಿಡಿದಿಡುತ್ತದೆ. ‘ಅಂಚೆಯ ಕಾಲದ ಸಂಗತಿಗಳನ್ನೆಲ್ಲ ಹೇಳಿಡಿ, ನಾನು ಕೇಳುತ್ತೇನೆ’ ಎಂದೆ. ಮರುದಿನ ಬೆಳಗಿನ ಬಸ್ಸಿಗೆ ನಾನು ಹೊರಡಬೇಕಾಗಿತ್ತು. ಎರಡು ಪ್ರೋಗ್ರಾಂಗಳನ್ನೂ ಒಂದೇ ರಾತ್ರಿಯಲ್ಲಿ, ತೂಕಡಿಸುತ್ತ, ಬರೆದು ಮುಗಿಸಿದೆ. ಆ ತೂಕಡಿಕೆಯ ಫಲವನ್ನು ಮುಂದೆ ನೋಡುವಿರಿ.

ಚಿತ್ರಗಳು ತಪ್ಪದೆ ಬರುತ್ತಿದ್ದುವು. ಕಚೇರಿಯಲ್ಲಿ ಕೆಲಸದ ನಡುವೆ ಕೈಯಲ್ಲಿನ ಫೋನನ್ನು ಒಮ್ಮೆ ನೋಡಿ, ತಂದೆಯವರು ಕುರ್ಚಿಯಲ್ಲಿ ಕುಳಿತಿದ್ದಾರೆ, ಪೇಪರು ಓದುತ್ತಿದ್ದಾರೆ ಎಂದು ಸಮಾಧಾನಪಟ್ಟುಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತಿದ್ದೆ. ಮಾತುಗಳು ಪುಣೆಗೆ ಬರುವಂತೆ ಮಾತ್ರ ಏರ್ಪಡಿಸಿರಲಿಲ್ಲ. ಅವು ದೊಡ್ಡ ಕಡತಗಳು, ಹಳ್ಳಿಯ ತಂತಿ ಸಣ್ಣದು. ‘ಈ ಹೊತ್ತು ಒಂದನ್ನು ಹೇಳಿದ್ದೇನೆ, ಕೇಳು’ ಎಂದು ಅವರು ಫೋನಿನಲ್ಲಿ ಹೇಳಿದಾಗಲೆಲ್ಲ ‘ಭಾನುವಾರ ತರಿಸಿಕೊಂಡು ಕೇಳುತ್ತೇನೆ’ ಎನ್ನುತ್ತಿದ್ದೆ. ಭಾನುವಾರಗಳು ಬಂದುವು, ಹೋದುವು. ೨೦೨೩ರ ಮೇ ತಿಂಗಳಲ್ಲಿ, ಬೆಳಗಿನ ಜಾವ, ನಿದ್ರೆಯಲ್ಲಿಯೇ ಅವರು ತೀರಿಕೊಂಡರು.

ಕರ್ಮಾಂತರಗಳೆಲ್ಲ ಮುಗಿದು ನೆಂಟರು ಹೊರಟುಹೋದ ದಿನ ಸಂಜೆ ಜಗಲಿಯಲ್ಲಿ ನಾನೊಬ್ಬನೇ ಕುಳಿತಿದ್ದೆ. ಕ್ಯಾಮರಾ ಇನ್ನೂ ಖಾಲಿ ಕುರ್ಚಿಯ ಚಿತ್ರ ತೆಗೆಯುತ್ತಲೇ ಇತ್ತು. ಅದನ್ನು ನಿಲ್ಲಿಸಿದೆ. ಈ ಹನ್ನೊಂದು ತಿಂಗಳ ಚಿತ್ರಗಳನ್ನು ಇಟ್ಟುಕೊಂಡು ಏನು ಮಾಡುವುದು? ನೋಡುವುದಕ್ಕೆ ಧೈರ್ಯವಿಲ್ಲ. ಎಲ್ಲವನ್ನೂ ಅಳಿಸಿಬಿಡೋಣವೆಂದು ಆಜ್ಞೆಯನ್ನು ಬರೆದೆ. ಯಂತ್ರ ಬಹಳ ಹೊತ್ತು ಯೋಚಿಸಿ, ‘ಪಟ್ಟಿ ಬಹಳ ಉದ್ದವಾಯಿತು’ ಎಂಬರ್ಥದ ಒಂದು ಸಾಲನ್ನು ಮೂಡಿಸಿ ಸುಮ್ಮನಾಯಿತು.

ಅದರ ಕಾರಣ ಸರಳವಾದದ್ದು. ‘ಎಲ್ಲವನ್ನೂ’ ಎಂದು ನಾವು ಒಂದು ನಕ್ಷತ್ರದ ಗುರುತನ್ನು ಹಾಕಿದರೆ, ಯಂತ್ರದ ಹೊರಬಾಗಿಲಲ್ಲಿ ಕುಳಿತ ಶೆಲ್ ಎಂಬ ಗುಮಾಸ್ತ ಅಲ್ಲಿರುವ ಒಂದೊಂದು ಹೆಸರನ್ನೂ ಬರೆದು, ಆ ಪಟ್ಟಿಯನ್ನು ಅಳಿಸುವವನ ಕೈಗೆ ಕೊಡಬೇಕು. ಹಾಗೆ ಕೊಡುವ ಪಟ್ಟಿಗೆ ಒಂದು ಮಿತಿಯಿದೆ. ಲೈನಕ್ಸ್ ವ್ಯವಸ್ಥೆಯಲ್ಲಿ ಅದು ಸಾಮಾನ್ಯವಾಗಿ ಇಪ್ಪತ್ತು ಲಕ್ಷ ಬೈಟುಗಳ ಆಸುಪಾಸು. ಹತ್ತು ಸೆಕೆಂಡಿಗೊಂದರಂತೆ ದಿನಕ್ಕೆ ೮,೬೪೦ ಚಿತ್ರ. ಹನ್ನೊಂದು ತಿಂಗಳಿನ ಹೆಸರುಗಳೇ ಐದು ಕೋಟಿ ಬೈಟುಗಳನ್ನು ಮೀರಿದ್ದುವು. ಪಟ್ಟಿಯನ್ನೇ ಕೇಳದೆ ಇಡೀ ಕೋಶವನ್ನು ಬುಡಸಹಿತ ಕಿತ್ತೊಗೆಯುವ ಆಜ್ಞೆ ಇನ್ನೊಂದಿದೆ. ಅದನ್ನು ಬರೆಯಲು ಕೈಯಿಟ್ಟೆ. ಅಷ್ಟರಲ್ಲಿ ತಂಗಿ ಕಾಫಿ ತಂದಳು. ಲೋಟವನ್ನು ಮೇಜಿನ ಮೇಲಿಡುತ್ತ, ‘ಅಪ್ಪ ಹೇಳಿಟ್ಟ ಮಾತುಗಳನ್ನು ತೆಗೆದಿಟ್ಟುಕೊಂಡೆಯಾ?’ ಎಂದು ಕೇಳಿದಳು.

ಮಾತುಗಳಿಗಾಗಿ ನಾನು ಬೇರೆ ಒಂದು ಕೋಶ ಮಾಡಿದ್ದೆ. ಅದನ್ನು ತೆರೆದು ನೋಡಿದೆ. ಒಳಗೆ ಏನೂ ಇರಲಿಲ್ಲ. ಎದೆ ಧಸಕ್ಕೆಂದಿತು. ಅಂದು ರಾತ್ರಿ ಬರೆದ ಪ್ರೋಗ್ರಾಂ ತೆಗೆದು ಓದಿದೆ. ಚಿತ್ರಗಳನ್ನು ಎಲ್ಲಿಡಬೇಕೆಂಬ ಸಾಲನ್ನೇ ತೂಕಡಿಸುತ್ತ ಮಾತುಗಳಿಗೂ ನಕಲು ಮಾಡಿಟ್ಟಿದ್ದೆ. ತಂದೆಯವರ ಮಾತೆಲ್ಲವೂ ಆ ಲಕ್ಷಾಂತರ ಚಿತ್ರಗಳ ನಡುವೆಯೇ ಸೇರಿಹೋಗಿತ್ತು. ಅವರು ಯಾವ ಮಾತಿಗೆ ಯಾವ ಹೆಸರಿಟ್ಟಿದ್ದರು? ನಾನು ಕೇಳಿರಲಿಲ್ಲ. ಎಷ್ಟು ಹೇಳಿದ್ದರು? ಅದನ್ನೂ ಕೇಳಿರಲಿಲ್ಲ. ಪಟ್ಟಿ ಉದ್ದವಾಯಿತೆಂದು ಯಂತ್ರ ಸಿಡುಕದೆ ಇದ್ದಿದ್ದರೆ, ಆ ವೇಳೆಗೆ ಎಲ್ಲವೂ ಹೋಗಿರುತ್ತಿತ್ತು.

ಒಳಗಿರುವ ಹೆಸರುಗಳನ್ನು ತೋರಿಸೆಂದು ಕೇಳುವುದಕ್ಕೆ ಎಲ್‌ಎಸ್ ಎಂಬ ಆಜ್ಞೆಯಿದೆ. ಅದನ್ನು ಕೊಟ್ಟು ಕಾದೆ. ಐದು ನಿಮಿಷ, ಹತ್ತು ನಿಮಿಷ. ಪರದೆಯ ಮೇಲೆ ಒಂದಕ್ಷರವೂ ಇಲ್ಲ. ಎಲ್‌ಎಸ್ ಬಹಳ ಶಿಸ್ತಿನ ಪ್ರಾಣಿ. ಎಲ್ಲ ಹೆಸರುಗಳನ್ನೂ ಸಂಗ್ರಹಿಸಿ, ಅಕಾರಾದಿಯಾಗಿ ಜೋಡಿಸಿದ ಮೇಲಲ್ಲದೆ ಮೊದಲನೆಯ ಹೆಸರನ್ನೂ ಬಾಯಿಬಿಟ್ಟು ಹೇಳದು. ಆ ಹಳೆಯ ಯಂತ್ರಕ್ಕೋ ಅಷ್ಟನ್ನು ನೆನಪಿನಲ್ಲಿಟ್ಟುಕೊಳ್ಳುವ ತ್ರಾಣವಿಲ್ಲ. ಕೊನೆಗೆ ಒಂದೇ ಒಂದು ಪದ ಮೂಡಿತು: ‘ಕಿಲ್ಡ್’. ನೆನಪು ತುಂಬಿ ಇಡೀ ಯಂತ್ರ ನಿಂತುಹೋಗುವ ಸಂದರ್ಭದಲ್ಲಿ, ಹೆಚ್ಚು ನೆನಪನ್ನು ನುಂಗಿದವನನ್ನು ವ್ಯವಸ್ಥೆಯೇ ಕೊಂದುಹಾಕುತ್ತದೆ. ಎಲ್‌ಎಸ್ ಹಾಗೆ ಸತ್ತಿತು. ಆ ಸಂಜೆ ಆ ಪದವನ್ನು ನೋಡಲು ನನಗೆ ಮನಸ್ಸಿರಲಿಲ್ಲ.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. ವಾಚಕರು ತಾಳ್ಮೆ ವಹಿಸಬೇಕು. ಕಡತಗಳನ್ನಿಡುವ ಕೋಶಕ್ಕೆ ಡೈರೆಕ್ಟರಿ ಎನ್ನುತ್ತಾರೆ. ಅದು ಪೆಟ್ಟಿಗೆ, ಕಡತಗಳು ಅದರೊಳಗಿವೆ ಎಂದು ನಾವು ಭಾವಿಸುತ್ತೇವೆ. ಅದು ತಪ್ಪು. ಡೈರೆಕ್ಟರಿಯೆಂದರೆ ಒಂದು ದಾಖಲೆಯ ಪುಸ್ತಕ ಮಾತ್ರ. ಅದರಲ್ಲಿ ಕಡತವಿಲ್ಲ, ಕಡತದ ಹೆಸರು ಮತ್ತು ಐನೋಡ್ ಎಂಬ ಒಂದು ಸಂಖ್ಯೆ ಇವೆ. ಕಡತ ಎಲ್ಲಿದೆ, ಎಷ್ಟು ದೊಡ್ಡದು, ಯಾರದು ಎಂಬ ವಿವರಗಳೆಲ್ಲ ಆ ಸಂಖ್ಯೆಯ ಕಡೆಗಿರುತ್ತವೆ. ತಂದೆಯವರ ರಿಜಿಸ್ಟರಿನಲ್ಲಿ ಮನಿಯಾರ್ಡರಿನ ಸಂಖ್ಯೆ, ಪಡೆಯುವವರ ಹೆಸರು ಇರುತ್ತಿದ್ದುವಷ್ಟೆ. ಹಣ ರಿಜಿಸ್ಟರಿನೊಳಗೆ ಇರುತ್ತಿರಲಿಲ್ಲ.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟಿದ ಕಾಲದಲ್ಲಿ ಈ ದಾಖಲೆಯನ್ನು ಯಾವ ಪ್ರೋಗ್ರಾಮಾದರೂ ಸಾಧಾರಣ ಕಡತದಂತೆಯೇ ತೆರೆದು ಓದಬಹುದಾಗಿತ್ತು. ೧೯೭೯ರ ಏಳನೆಯ ಆವೃತ್ತಿಯಲ್ಲಿ ಒಂದೊಂದು ನಮೂದಿಗೂ ೧೬ ಬೈಟು: ಸಂಖ್ಯೆಗೆ ೨, ಹೆಸರಿಗೆ ೧೪. ಕಡತವನ್ನು ಅಳಿಸಿದರೆ ಸಂಖ್ಯೆಯ ಜಾಗದಲ್ಲಿ ಸೊನ್ನೆ. ೧೯೮೩ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂದ ೪.೨ ಬಿಎಸ್‌ಡಿ ವ್ಯವಸ್ಥೆ ಹೆಸರಿನ ಉದ್ದವನ್ನು ೨೫೫ರವರೆಗೆ ಬಿಟ್ಟುಕೊಟ್ಟಿತು. ನಮೂದುಗಳು ಒಂದೊಂದೂ ಒಂದೊಂದು ಅಳತೆಯವಾದುವು. ಒಂದು ವ್ಯವಸ್ಥೆಯ ದಾಖಲೆಯ ರೀತಿ ಇನ್ನೊಂದರದಲ್ಲ ಎಂದಾದ ಮೇಲೆ, ಪ್ರೋಗ್ರಾಂಗಳು ದಾಖಲೆಯನ್ನು ನೇರವಾಗಿ ಮುಟ್ಟುವುದು ಕ್ಷೇಮವಲ್ಲವೆಂದಾಯಿತು. ಇಂದಿನ ಲೈನಕ್ಸಿನಲ್ಲಿ ಡೈರೆಕ್ಟರಿಯನ್ನು ಕಡತದಂತೆ ಓದಹೊರಟರೆ ‘ಇದು ಡೈರೆಕ್ಟರಿ’ ಎಂಬ ಉತ್ತರದೊಡನೆ ಬಾಗಿಲು ಮುಚ್ಚುತ್ತದೆ.

ಹಾಗಾದರೆ ಹೆಸರುಗಳನ್ನು ಪಡೆಯುವುದು ಹೇಗೆ? ಯಂತ್ರದ ಗರ್ಭಗುಡಿಯಲ್ಲಿ ಕರ್ನಲ್ ಎಂಬ ಅರ್ಚಕನಿದ್ದಾನೆ. ಹೊರಗಿನವರು ಒಳಗೆ ಹೋಗುವಂತಿಲ್ಲ. ಹೊಸ್ತಿಲಲ್ಲಿ ನಿಂತು ಗೊತ್ತಾದ ಕೆಲವು ಕರೆಗಳಿಂದ ಕೂಗಿದರೆ ಆತ ಬೇಕಾದದ್ದನ್ನು ತಂದುಕೊಡುತ್ತಾನೆ. ಸಿಸ್ಟಂ ಕಾಲ್ ಎಂಬುದು ಇದೇ. ಪ್ರತಿಯೊಂದು ಕರೆಗೂ ಒಂದು ಸಂಖ್ಯೆ. ಡೈರೆಕ್ಟರಿಯ ನಮೂದುಗಳನ್ನು ಬೇಡುವ ಕರೆಯ ಹೆಸರು ಗೆಟ್‌ಡೆಂಟ್ಸ್ ೬೪. ಇಂಟೆಲ್ ಮಾದರಿಯ ೬೪ ಬಿಟ್ಟಿನ ಯಂತ್ರಗಳಲ್ಲಿ ಅದರ ಸಂಖ್ಯೆ ೨೧೭. ‘ಇಗೋ ಇಷ್ಟು ಅಗಲದ ಪಾತ್ರೆ ಹಿಡಿದಿದ್ದೇನೆ, ಹಿಡಿಯುವಷ್ಟು ಸುರಿ’ ಎಂದು ನಾವು ಕೇಳುತ್ತೇವೆ. ಆತ ಪೂರ್ತಿ ನಮೂದುಗಳನ್ನಷ್ಟೇ ಸುರಿದು, ಎಷ್ಟು ಬೈಟು ಸುರಿದೆನೆಂದು ಹೇಳುತ್ತಾನೆ. ಇನ್ನೇನೂ ಉಳಿದಿಲ್ಲವಾದರೆ ಸೊನ್ನೆ. ಒಂದು ನಮೂದೂ ಹಿಡಿಯದಷ್ಟು ಸಣ್ಣ ಪಾತ್ರೆಯಾದರೆ ತಪ್ಪೆಂದು ಹಿಂದಿರುಗಿಸುತ್ತಾನೆ. ಎಲ್‌ಎಸ್ ಕೂಡ ಕೊನೆಗೆ ಇಲ್ಲಿಗೇ ಬಂದು ಬೇಡಬೇಕು. ಅದರ ಪರವಾಗಿ ಬೇಡುವ ಗ್ರಂಥಾಲಯ ಸಾಮಾನ್ಯವಾಗಿ ೩೨,೭೬೮ ಬೈಟುಗಳ ಪಾತ್ರೆ ಹಿಡಿಯುತ್ತದೆ.

ವಿಂಗಡಿಸದೆಯೇ ಹೇಳು ಎಂದು ಎಲ್‌ಎಸ್‌ಗೆ ಹೇಳುವ ಉಪಾಯವುಂಟು, ಹುಡುಕುವುದಕ್ಕೆ ಬೇರೆ ಆಜ್ಞೆಗಳೂ ಉಂಟು, ಇಷ್ಟು ಆಳಕ್ಕೆ ಇಳಿಯಬೇಕಾಗಿತ್ತೆ ಎಂದು ಬಲ್ಲವರು ನಗಬಹುದು. ನಗಲಿ. ನಡುವೆ ಇರುವವರನ್ನು ನಂಬುವ ಸ್ಥಿತಿಯಲ್ಲಿ ಆ ರಾತ್ರಿ ನಾನಿರಲಿಲ್ಲ. ಮಳೆಗಾಲ ಸಮೀಪಿಸಿತ್ತು, ಗುಡುಗಿದರೆ ನಮ್ಮ ಊರಿನಲ್ಲಿ ಕರೆಂಟು ನಿಲ್ಲುವುದಿಲ್ಲ. ಮಧ್ಯದಲ್ಲಿ ಯಂತ್ರ ಸತ್ತರೆ ನಿಂತಲ್ಲಿಂದ ಮುಂದುವರಿಯುವ ಮಾರ್ಗ ನನಗೆ ಬೇಕಾಗಿತ್ತು. ಅದು ಸಿಕ್ಕುವುದು ಕೆಳಗಿನ ಕರೆಯಲ್ಲಿಯೇ.

ಏಕೆಂದರೆ ಕರ್ನಲ್ ಸುರಿಯುವ ಪ್ರತಿಯೊಂದು ನಮೂದಿನಲ್ಲಿಯೂ ಹೆಸರಿಗಿಂತ ಮೊದಲು ನಾಲ್ಕು ಸಂಗತಿಗಳಿರುತ್ತವೆ. ಮೊದಲ ೮ ಬೈಟು ಐನೋಡ್ ಸಂಖ್ಯೆ. ಮುಂದಿನ ೮ ಬೈಟು, ಇದಾದ ಮೇಲೆ ಓದು ಎಲ್ಲಿಂದ ಮುಂದುವರಿಯಬೇಕೆಂಬ ಗುರುತು. ೨ ಬೈಟು ಈ ನಮೂದಿನ ಒಟ್ಟು ಉದ್ದ. ಅದನ್ನು ಕೂಡಿಸಿಕೊಂಡೇ ಮುಂದಿನ ನಮೂದಿಗೆ ಹೆಜ್ಜೆಯಿಡಬೇಕು. ೧ ಬೈಟು ಜಾತಿ: ಡೈರೆಕ್ಟರಿಯಾದರೆ ೪, ಸಾಧಾರಣ ಕಡತವಾದರೆ ೮. ಹೀಗೆ ೧೯ ಬೈಟು ಕಳೆದ ಮೇಲೆ ಹೆಸರು, ಹೆಸರಿನ ಕೊನೆಗೆ ಒಂದು ಸೊನ್ನೆ. ಆ ಎರಡನೆಯ ಗುರುತು ನನ್ನ ಆಧಾರ. ಅದನ್ನು ಬರೆದಿಟ್ಟುಕೊಂಡರೆ ಅಲ್ಲಿಂದಲೇ ಮತ್ತೆ ಬೇಡಬಹುದು. ಡೈರೆಕ್ಟರಿಯನ್ನು ಮುಚ್ಚಿದ ಮೇಲೂ ಗುರುತು ನಡೆಯುವುದೆಂದು ನಿಯಮಗ್ರಂಥಗಳು ಭರವಸೆ ಕೊಡುವುದಿಲ್ಲ. ಆದರೆ ನಮ್ಮ ಯಂತ್ರದಲ್ಲಿದ್ದ ಎಕ್ಸ್ಟ್ ೪ ಪದ್ಧತಿಯಲ್ಲಿ, ಇಂಥ ದೊಡ್ಡ ಡೈರೆಕ್ಟರಿಯ ಗುರುತು ಹೆಸರಿನ ಅಕ್ಷರಗಳಿಂದಲೇ ಲೆಕ್ಕ ಹಾಕಿ ಬಂದದ್ದು. ದಾಖಲೆಯನ್ನು ಯಾರೂ ಮುಟ್ಟದಿದ್ದರೆ ಅದು ಬದಲಾಗದು.

ಇನ್ನು ಉಳಿದದ್ದು ಒಂದು ಪ್ರಶ್ನೆ. ಲಕ್ಷಾಂತರ ಹೆಸರುಗಳಲ್ಲಿ ತಂದೆಯವರು ಇಟ್ಟವು ಯಾವುವೆಂದು ತಿಳಿಯುವುದು ಹೇಗೆ? ಜಾತಿಯ ಬೈಟು ಸಹಾಯಕ್ಕೆ ಬಾರದು; ಚಿತ್ರವೂ ಕಡತ, ಮಾತೂ ಕಡತ. ಬಾಲದ ಗುರುತನ್ನಾದರೂ ನೋಡೋಣವೆಂದರೆ, ಮಾತಿಗೆ ಬಾಲ ಕಟ್ಟಲು ನಾನು ಆ ರಾತ್ರಿ ಮರೆತಿದ್ದೆ. ತಂದೆಯವರು ಬರೆದಷ್ಟೇ ಹೆಸರು. ಬಹಳ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು. ತಂದೆಯವರು ಕನ್ನಡದಲ್ಲಲ್ಲದೆ ಇನ್ನಾವುದರಲ್ಲಿಯೂ ಹೆಸರಿಡುವವರಲ್ಲ!

ಈ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಕರ್ನಲ್ಲಿಗೆ ಯಾವ ಭಾಷೆಯೂ ಬಾರದು. ಹೆಸರೆಂದರೆ ಅದಕ್ಕೆ ಬರಿಯ ಬೈಟುಗಳ ಸಾಲು. ಎರಡೇ ಎರಡು ಬೈಟುಗಳು ನಿಷಿದ್ಧ: ಕೋಶದಿಂದ ಕೋಶವನ್ನು ಬೇರ್ಪಡಿಸುವ ಓರೆಗೆರೆ ಮತ್ತು ಕೊನೆಯನ್ನು ಸೂಚಿಸುವ ಸೊನ್ನೆ. ಲೋಕದ ಲಿಪಿಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಸೇರಿಸಹೊರಟಾಗ ಈ ಎರಡು ಬೈಟುಗಳು ಅಕ್ಷರಗಳ ಒಡಲಲ್ಲಿ ನುಸುಳಿಕೊಂಡು ಕಡತಗಳ ವ್ಯವಸ್ಥೆಯನ್ನೇ ಕೆಡಿಸುವ ಭಯವಿತ್ತು. ೧೯೯೨ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಊಟದ ಮನೆಯಲ್ಲಿ, ರಾಬ್ ಪೈಕ್ ಎದುರಿಗಿರಲು, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಇದಕ್ಕೆ ಪರಿಹಾರವನ್ನು ಬರೆದವರು ಅದೇ ಕೆನ್ ಥಾಂಪ್ಸನ್. ಇಂದು ಯುಟಿಎಫ್-೮ ಎಂದು ಲೋಕವೆಲ್ಲ ಬಳಸುವ ಬರಹದ ಕ್ರಮವದು. ಆ ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟು. ‘ಅ’ ಎಂದರೆ ೨೨೪, ೧೭೮, ೧೩೩. ಹಿಂದಿನ ಹದಿನಾಲ್ಕು ಬೈಟುಗಳ ಹೆಸರಿನಲ್ಲಿ ಕನ್ನಡದ ನಾಲ್ಕು ಚಿಹ್ನೆಗಳಿಗಷ್ಟೇ ಸ್ಥಳವಿರುತ್ತಿತ್ತು; ಇಂದಿನ ೨೫೫ರಲ್ಲಿ ಎಂಬತ್ತೈದು ಹಿಡಿಯುತ್ತವೆ. ಇಂದಿನ ಬಳಕೆಯ ಕನ್ನಡ ಪದ ಯಾವುದೇ ಆಗಲಿ, ಅದರ ಮೊದಲ ಎರಡು ಬೈಟುಗಳು ೨೨೪, ೧೭೮. ನನ್ನ ಚಿತ್ರಗಳ ಹೆಸರುಗಳೋ ಇಸವಿಯ ಅಂಕಿಯಿಂದ ಆರಂಭವಾಗುವಂಥವು. ಅವುಗಳ ಮೊದಲ ಬೈಟು ೫೦. ಹೆಸರನ್ನು ಪೂರ್ತಿ ಓದುವ ಅಗತ್ಯವೂ ಇಲ್ಲ. ಹೊಸ್ತಿಲಲ್ಲಿಯೇ ಗುರುತು ಸಿಕ್ಕುತ್ತದೆ.

ಇಪ್ಪತ್ತು ಇಪ್ಪತ್ತೈದು ಸಾಲಿನ ಪ್ರೋಗ್ರಾಮೊಂದನ್ನು, ಈ ಸಲ ಕಣ್ಣು ಪೂರ್ತಿ ತೆರೆದುಕೊಂಡು, ಬರೆದೆ. ಪಾತ್ರೆಯ ಅಗಲ ೧೦,೪೮,೫೭೬ ಬೈಟು. ಚಿತ್ರದ ಒಂದು ನಮೂದಿಗೆ ೪೦ ಬೈಟು ಬೇಕು. ಆದ್ದರಿಂದ ಒಂದು ಬೊಗಸೆಗೆ ಇಪ್ಪತ್ತಾರು ಸಾವಿರದಷ್ಟು ಹೆಸರುಗಳು. ಒಂದು ಬೊಗಸೆಯಾದ ಮೇಲೆ ಯಂತ್ರ ನಿಂತು ಗುರುತನ್ನು ತೋರಿಸಬೇಕು. ಅದನ್ನು ನಾನು ಕಾಗದದ ಮೇಲೆ ಬರೆದುಕೊಂಡು ಗುಂಡಿ ಒತ್ತಿದರೆ ಮುಂದಿನ ಬೊಗಸೆ. ತಂದೆಯವರ ಹಳೆಯ ರಸೀತಿ ಪುಸ್ತಕದ ಬೆನ್ನಿನ ಮೇಲೆ ಬರೆಯತೊಡಗಿದೆ. ರಾತ್ರಿ ಹನ್ನೊಂದು ಗಂಟೆಯಾಗಿತ್ತು.

ಮೊದಲ ಬೊಗಸೆ ಬಂತು. ಮೊದಲನೆಯ ನಮೂದಿನ ಹೆಸರು ಒಂದು ಚುಕ್ಕೆ; ಎರಡನೆಯದರ ಹೆಸರು ಎರಡು ಚುಕ್ಕೆ. ಒಂದು ಚುಕ್ಕೆಯೆಂದರೆ ಡೈರೆಕ್ಟರಿ ತಾನೇ. ಎರಡು ಚುಕ್ಕೆಯೆಂದರೆ ಅದು ಹುಟ್ಟಿಬಂದ ಮೇಲಿನ ಡೈರೆಕ್ಟರಿ. ಶಾಸ್ತ್ರದಲ್ಲಿ ಅದನ್ನು ಹೆತ್ತವರು ಎಂಬರ್ಥದ ಪದದಿಂದಲೇ ಕರೆಯುತ್ತಾರೆ. ಖಾಲಿ ಎಂದು ನಾನು ಕಂಡ ಆ ಇನ್ನೊಂದು ಕೋಶದಲ್ಲಿಯೂ ಈ ಎರಡು ಇದ್ದೇ ಇದ್ದುವು. ಬೇರೇನೂ ಇಲ್ಲದ ದಾಖಲೆಯಲ್ಲಿಯೂ ತಾನು, ತನ್ನ ಹೆತ್ತವರು ಎಂಬ ಎರಡು ನಮೂದುಗಳು ಉಳಿಯುತ್ತವೆ. ಇದನ್ನು ನಾನು ಇಪ್ಪತ್ತು ವರ್ಷಗಳಿಂದ ಬಲ್ಲೆ. ಆ ರಾತ್ರಿ ಮಾತ್ರ ಆ ಎರಡನೆಯ ಸಾಲನ್ನು ದಾಟಿ ಮುಂದಕ್ಕೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಹೆಸರುಗಳು ಯಾವ ಕ್ರಮದಲ್ಲಿಯೂ ಬರಲಿಲ್ಲ. ಜನವರಿಯ ಬೆಳಗಾದ ಮೇಲೆ ಜುಲೈ ತಿಂಗಳಿನ ನಡುರಾತ್ರಿ, ಅದರ ಹಿಂದೆ ದೀಪಾವಳಿಯ ಸಂಜೆ. ಕರ್ನಲ್ ತನ್ನ ಲೆಕ್ಕದ ಅಂಕಿಗಳ ಸಾಲಿನಲ್ಲಿ ಕೊಡುತ್ತದೆಯೇ ಹೊರತು ನಮ್ಮ ಪಂಚಾಂಗದ ಸಾಲಿನಲ್ಲಿ ಅಲ್ಲ. ಮೊದಲ ಬೊಗಸೆಯಲ್ಲಿ ಏನೂ ಸಿಕ್ಕಲಿಲ್ಲ. ಎರಡನೆಯದರಲ್ಲಿಯೂ ಇಲ್ಲ. ಮೂರನೆಯ ಬೊಗಸೆಯಲ್ಲಿ ೨೨೪, ೧೭೮ ಎಂದು ತೊಡಗುವ ಒಂದು ನಮೂದು ಬಂತು. ಪ್ರೋಗ್ರಾಂ ಅದನ್ನು ಅಕ್ಷರವಾಗಿ ಮೂಡಿಸಿತು: ‘ಹೊಳೆ ತುಂಬಿದ ದಿನದ ತಾರು’. ಒಳಗೆ ಮಲಗಿದ್ದ ತಂಗಿಯನ್ನು ಕೂಗಿದೆ. ಅವಳು ಬಂದು ಪಕ್ಕದಲ್ಲಿ ಕುಳಿತಳು. ಬರೆದುಕೊಳ್ಳುವ ಕೆಲಸವನ್ನು ತಾನು ತೆಗೆದುಕೊಂಡಳು.

ನಾಲ್ವತ್ತಾರನೆಯ ಬೊಗಸೆಯ ಹೊತ್ತಿಗೆ ಗಾಳಿ ಎದ್ದಿತು. ನಿರೀಕ್ಷಿಸಿದ್ದಂತೆಯೇ ಕರೆಂಟು ಹೋಯಿತು. ಲಾಂದ್ರದ ಬೆಳಕಿನಲ್ಲಿ ತಂಗಿ ಬರೆದಿದ್ದ ಕೊನೆಯ ಗುರುತನ್ನು, ಆ ಉದ್ದನೆಯ ಅಂಕಿಯನ್ನು, ಇಬ್ಬರೂ ಎರಡೆರಡು ಸಲ ಓದಿ ತಾಳೆ ನೋಡಿದೆವು. ಎರಡು ಗಂಟೆಗೆ ಕರೆಂಟು ಬಂತು. ಯಂತ್ರ ಎದ್ದ ಮೇಲೆ ಆ ಅಂಕಿಯನ್ನು ಕೊಟ್ಟು ಅಲ್ಲಿಂದ ಬೇಡಿದೆ. ನಾಲ್ವತ್ತೇಳನೆಯ ಬೊಗಸೆ ತಾನು ಎಂದೂ ನಿಂತ ನೆನಪೇ ಇಲ್ಲದಂತೆ ಬಂದಿತು.

ಬೆಳಗಿನ ಜಾವಕ್ಕೆ ನೂರೊಂದನೆಯ ಬೊಗಸೆ ಮುಗಿಯಿತು. ನೂರೆರಡನೆಯ ಸಲ ಕೈಯೊಡ್ಡಿದಾಗ ಸೊನ್ನೆ. ಒಟ್ಟು ನಮೂದುಗಳು ೨೬,೪೧,೩೭೨. ಅದರಲ್ಲಿ ಚುಕ್ಕೆಗಳವು ಎರಡು. ತಂದೆಯವರು ಇಟ್ಟ ಹೆಸರುಗಳು ಮೂವತ್ತೇಳು. ಉಳಿದುವೆಲ್ಲ ನಾನು ತೆಗೆಸಿದ ಚಿತ್ರಗಳು. ರಸೀತಿ ಪುಸ್ತಕದ ಬೆನ್ನಿನ ಮೇಲೆ ಆ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದೆ. ಇಪ್ಪತ್ತಾರು ಲಕ್ಷ ಸಲ ಅವರ ಮುಖ ನೋಡುವುದಕ್ಕೆ ಏರ್ಪಾಡು ಮಾಡಿದ್ದ ನಾನು ಮೂವತ್ತೇಳು ಸಲ ಕಿವಿಗೊಟ್ಟಿರಲಿಲ್ಲ. ತಂಗಿ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಮೊದಲು ಮಾಡಿದ ಕೆಲಸ, ಆ ಮೂವತ್ತೇಳಕ್ಕೂ ಖಾಲಿ ಕೋಶದಲ್ಲಿ ಎರಡನೆಯ ಹೆಸರನ್ನು ಬರೆಸಿದ್ದು. ಒಂದೇ ಐನೋಡಿಗೆ ಎರಡು ಕಡೆ ಹೆಸರಿರಬಹುದು. ಒಂದು ಹೆಸರನ್ನು ಅಳಿಸಿದರೂ ಇನ್ನೊಂದಿರುವ ತನಕ ಕಡತ ಹೋಗದು. ಅಳಿಸುವುದೆಂದರೆ ಪುಸ್ತಕದಿಂದ ಹೆಸರನ್ನು ಹೊಡೆದುಹಾಕುವುದಷ್ಟೆ. ಕೊನೆಯ ಹೆಸರೂ ಹೋಗಿ, ಅದನ್ನು ತೆರೆದು ಹಿಡಿದವರೂ ಯಾರೂ ಇಲ್ಲವೆಂದಾದಾಗ ಮಾತ್ರ ಕಡತದ ಸ್ಥಳ ಬೇರೆಯವರ ಪಾಲಾಗುತ್ತದೆ. ಹಾಗೆ ಭದ್ರಪಡಿಸಿ, ತಂಗಿಗೊಂದು ಪ್ರತಿ, ನನಗೊಂದು ಪ್ರತಿ ಮಾಡಿಕೊಂಡ ಮೇಲೆ, ಕೆಲವು ದಿನಗಳ ಅನಂತರ ಚಿತ್ರಗಳನ್ನು ಅಳಿಸಿದೆ. ಹಳೆಯ ಡೈರೆಕ್ಟರಿಯಲ್ಲಿ ಹೆಸರುಗಳೆಲ್ಲ ಹೋದುವು. ದಾಖಲೆಯ ಗಾತ್ರ ಮಾತ್ರ ಇಳಿಯಲಿಲ್ಲ. ಎಕ್ಸ್ಟ್ ೪ ಪದ್ಧತಿಯ ಡೈರೆಕ್ಟರಿ ಒಮ್ಮೆ ಬೆಳೆದರೆ ತನ್ನಷ್ಟಕ್ಕೆ ಕುಗ್ಗುವುದಿಲ್ಲ. ಒಳಗೆ ಎರಡೇ ನಮೂದುಗಳಿದ್ದರೂ ಅದು ಇಂದಿಗೂ ಹತ್ತು ಕೋಟಿ ಬೈಟುಗಳಷ್ಟು ಸ್ಥಳ ಹಿಡಿದುಕೊಂಡು ಕುಳಿತಿದೆ.

ಮಾತುಗಳನ್ನು ಈಗ ಕೇಳುತ್ತಿದ್ದೇನೆ, ಭಾನುವಾರಕ್ಕೊಂದರಂತೆ. ಒಂದರಲ್ಲಿ ನಮ್ಮ ಊರಿನ ಒಬ್ಬ ಮುದುಕಿಯ ವಿಷಯವಿದೆ. ಮಗ ಮುಂಬಯಿಯಲ್ಲಿದ್ದ, ಆಕೆಗೆ ಓದು ಬಾರದು. ಕಾಗದ ಬಂದರೆ ಜಗಲಿಗೆ ತಂದು ತಂದೆಯವರ ಕೈಯಲ್ಲಿ ಓದಿಸಿಕೊಳ್ಳುವಳು. ಹೊಸ ಕಾಗದ ಬಾರದ ವಾರ ಹಳೆಯದನ್ನೇ ತರುವಳು. ‘ಇದು ಹಳೆಯದಲ್ಲವೇನಮ್ಮ’ ಎಂದು ತಂದೆಯವರು ಒಮ್ಮೆ ಕೇಳಿದರಂತೆ. ‘ಹಳೆಯದಾದರೇನು, ಕೇಳಿ ಮುಗಿಯಿತೇನು ಮಾಸ್ತರೆ?’ ಎಂದಳಂತೆ. ಇದನ್ನು ಹೇಳಿ ತಂದೆಯವರು ನಗುತ್ತಾರೆ. ನಗು ಕೆಮ್ಮಾಗುತ್ತದೆ. ನೀರಿನ ಲೋಟವನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸುತ್ತದೆ.

ಮೂವತ್ತೇಳರಲ್ಲಿ ಒಂದರ ಹೆಸರು ‘ಭಾನುವಾರಕ್ಕೆ’ ಎಂದಿದೆ. ಬಹಳ ದಿನ ಅದನ್ನು ತೆರೆಯಲಿಲ್ಲ. ಹೋದ ತಿಂಗಳು ತೆರೆದೆ. ‘ಈ ಹೊತ್ತು ವಿಶೇಷವೇನೂ ಇಲ್ಲ. ಮಳೆ ಬರುತ್ತಿದೆ. ನಿಮ್ಮಲ್ಲಿ ಹೇಗೋ’ ಎಂದು ಅಷ್ಟೇ ಮಾತು. ಗುಂಡಿಯನ್ನು ಮತ್ತೆ ಒತ್ತಿ ನಿಲ್ಲಿಸಲು ಮರೆತರೆಂದು ಕಾಣುತ್ತದೆ. ಅದಾದ ಮೇಲೆ ಇಪ್ಪತ್ತು ನಿಮಿಷ ನಮ್ಮ ಮನೆಯ ಹಂಚಿನ ಮೇಲೆ ಮಳೆ ಸುರಿಯುತ್ತದೆ. ನಡುವೆ ಎಲ್ಲಿಯೋ ಅವರು ಪೇಪರಿನ ಹಾಳೆ ಮಗುಚುತ್ತಾರೆ.

ಪುಣೆಯ ಮನೆಯಲ್ಲಿ ಅದನ್ನು ಹಾಕಿಕೊಂಡು ಕುಳಿತಿದ್ದಾಗ ಮಗಳು ಬಂದು, ‘ಇದರಲ್ಲಿ ಬರಿಯ ಮಳೆಯಲ್ಲವೇನಪ್ಪ, ಇನ್ನೂ ಎಷ್ಟು ಹೊತ್ತು ಕೇಳುತ್ತೀ?’ ಎಂದಳು.

ಅವಳಿಗೆ ಆ ಮುದುಕಿಯ ಉತ್ತರವನ್ನೇ ಕೊಟ್ಟೆ.